ಆರ್‌ಸಿ ಟ್ರಕ್‌ನ ಟೈರ್, ಸ್ಪ್ರಿಂಗ್, ಶಾಕ್ ಹದ ಮಾಡುವ ಕ್ರಮ: ಬಳ್ಳಾರಿಯ ನೆಲಕ್ಕೆ, ಬಳ್ಳಾರಿಯ ಬಿಸಿಲಿಗೆ

ಭಾನುವಾರ ಬೆಳಿಗ್ಗೆ ಬಯಲಿಗೆ ಆರ್‌ಸಿ ಟ್ರಕ್, ಅಂದರೆ ರಿಮೋಟ್‌ನಿಂದ ಓಡಿಸುವ ಪುಟ್ಟ ಟ್ರಕ್, ಹಿಡಿದುಕೊಂಡು ಬರುವ ಹುಡುಗರ ದೂರು ಹೆಚ್ಚುಕಡಿಮೆ ಒಂದೇ. "ಅಣ್ಣಾ, ಜಿಗಿದು ಬಿದ್ದ ಕೂಡ್ಲೇ ಚೆಂಡಿನ ಥರ ಪುಟೀತದೆ." "ಸ್ವಲ್ಪ ಜೋರಾಗಿ ತಿರುಗಿಸಿದ್ರೆ ಮಗುಚ್ಕೋತದೆ." ಏನೇನು ಮಾಡಿ ನೋಡಿದಿರಿ ಅಂತ ಕೇಳಿದರೆ ಉತ್ತರವೂ ಒಂದೇ. ಮೊದಲು ಶಾಕ್ (ಕುಲುಕು ತಡೆಯುವ, ಎಣ್ಣೆ ತುಂಬಿದ ಕೊಳವೆ) ಆಯಿಲ್ ಬದಲಾಯಿಸಿದೆ, ಆಮೇಲೆ ಸ್ಪ್ರಿಂಗ್ ಹಾಕಿದೆ, ಈಗ ಹೊಸ ಟೈರ್ ತರಿಸಿದ್ದೇನೆ. ಮಾಡಿದ್ದೆಲ್ಲ ಬೇಕಾದ ಕೆಲಸವೇ. ಆದರೆ ಕ್ರಮ ತಲೆಕೆಳಗಾಗಿದೆ.

ಟೈರ್ ದಪ್ಪ ಬದಲಾದರೆ ಟ್ರಕ್‌ನ ಎತ್ತರ ಬದಲಾಗುತ್ತದೆ. ಎತ್ತರ ಸರಿ ಮಾಡದೆ ಸ್ಪ್ರಿಂಗ್ ಮೆದುವೋ ಗಡಸೋ ಅಂತ ಗೊತ್ತಾಗುವುದಿಲ್ಲ. ಸ್ಪ್ರಿಂಗ್ ಬದಲಾದರೆ ನಿನ್ನೆ ಹಾಕಿದ ಆಯಿಲ್ ಹೊಂದುವುದಿಲ್ಲ. ಹಾಗಾಗಿ ಆಯಿಲ್‌ನಿಂದ ಶುರು ಮಾಡಿದವರು ಅದೇ ಶಾಕನ್ನು ಮೂರು ಸಲ ಬಿಚ್ಚುತ್ತಾರೆ, ಮೂರು ಸಲ ದುಡ್ಡು ಹಾಕುತ್ತಾರೆ.

ಇಲ್ಲಿ ಹೇಳುವ ಅಳತೆಗಳೆಲ್ಲ 1:10 ಅಳತೆಯ, ನಾಲ್ಕೂ ಚಕ್ರ ಎಳೆಯುವ ಬ್ಯಾಟರಿ ಟ್ರಕ್‌ಗೆ. ಬಂಡೆ ಹತ್ತುವ ಕ್ರಾಲರ್ ಬೇರೆ ಜಾತಿ. ಅದರ ಮಾತು ಅಲ್ಲಲ್ಲಿ ಬರುತ್ತದೆ. ನಿಮ್ಮ ಟ್ರಕ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಆರಂಭ ಅಂತ ಇಟ್ಟುಕೊಳ್ಳಿ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

1.5, 2 ಮತ್ತು 2.5 ಮಿ.ಮೀ. ಅಲೆನ್ ಡ್ರೈವರ್. 5.5 ಮತ್ತು 7 ಮಿ.ಮೀ. ನಟ್ ಡ್ರೈವರ್. ಬಾಗಿದ ಅಲೆನ್ ಕೀಯಿಂದಲೂ ಕೆಲಸ ಆಗುತ್ತದೆ, ಆದರೆ ತುದಿ ಸವೆದ ಕೀ ಬೇಡವೇ ಬೇಡ. ಸ್ಕ್ರೂ ತಲೆ ಹಾಳಾಯಿತೆಂದರೆ ಅರ್ಧ ದಿನ ಹೋಯಿತು.

ಒಂದು ವರ್ನಿಯರ್ ಕ್ಯಾಲಿಪರ್, ಅಗ್ಗದ್ದಾದರೂ ಸಾಕು. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ. ಸಿಲಿಕೋನ್ ಶಾಕ್ ಆಯಿಲ್ ಎರಡು ಮೂರು ದಪ್ಪದಲ್ಲಿ. ಓ-ರಿಂಗ್ ಒಂದು ಸೆಟ್ ಹೆಚ್ಚಿಗೆ. ಐಸೊಪ್ರೊಪೈಲ್ ಆಲ್ಕೋಹಾಲ್, ಫೆವಿಕ್ವಿಕ್, ಅಗಲದ ರಬ್ಬರ್ ಬ್ಯಾಂಡ್, ಹಳೆ ಟೂತ್ ಬ್ರಷ್, ಒಂದು ನೋಟ್‌ಬುಕ್.

ಒರೆಸಲು ಜೀನ್ಸ್ ಬಟ್ಟೆಯ ತುಂಡು ತುಂಬಾ ಒಳ್ಳೆಯದು. ನಮ್ಮ ಊರಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೇನು ಕಡಿಮೆ, ಕತ್ತರಿಸಿ ಬಿಟ್ಟ ತುಂಡು ಕೇಳಿದರೆ ಕೊಡುತ್ತಾರೆ. ಆದರೆ ಅದು ಹೊರಗಿನ ಕೆಲಸಕ್ಕೆ ಮಾತ್ರ. ಶಾಕ್ ಒಳಗೆ ಒರೆಸಲು ಹಳೆ ಬನಿಯನ್ ಬಟ್ಟೆ ಬಳಸಿ, ಯಾಕೆಂದರೆ ಜೀನ್ಸ್ ನೂಲು ಬಿಡುತ್ತದೆ.

ಇನ್ನೊಂದು ಸಾಮಾನು ಯಾರೂ ಹೇಳುವುದಿಲ್ಲ: ಹಳೆ ಇಡ್ಲಿ ತಟ್ಟೆ. ನಾಲ್ಕು ಗುಳಿ, ನಾಲ್ಕು ಶಾಕ್. ಎಡ ಮುಂದಿನದರ ಬಿಡಿಭಾಗ ಒಂದು ಗುಳಿಯಲ್ಲಿ, ಬಲ ಮುಂದಿನದು ಪಕ್ಕದಲ್ಲಿ. ಹೀಗಿಟ್ಟರೆ ಯಾವ ಪಿಸ್ಟನ್ ಎಲ್ಲಿಯದು ಅಂತ ಹುಡುಕುವ ಗೋಳು ಇರುವುದಿಲ್ಲ.

1. ಧೂಳು ತೆಗೆಯಿರಿ, ಸಡಿಲ ಹುಡುಕಿ

ಹದ ಮಾಡುವ ಮುಂಚೆ ಟ್ರಕ್ ಆರೋಗ್ಯವಾಗಿದೆಯಾ ನೋಡಬೇಕು. ಬ್ಯಾಟರಿ ತೆಗೆದಿಡಿ. ಒಣ ಬ್ರಷ್‌ನಿಂದ ಶಾಕ್, ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು), ಆರ್ಮ್ ಕೂರುವ ಪಿನ್, ಎಲ್ಲದರ ಧೂಳು ತೆಗೆಯಿರಿ.

ಸಂಡೂರು ಕಡೆ ಓಡಿಸಿ ಬಂದವರು ಇದನ್ನು ಬಿಡಲೇಬಾರದು. ಅಲ್ಲಿನ ಕೆಂಪು ಅದಿರಿನ ಪುಡಿ ಪೌಡರ್‌ನಷ್ಟು ನುಣ್ಣಗಿರುತ್ತದೆ, ಆದರೆ ಗಡಸು. ಕಬ್ಬಿಣದ ಆಕ್ಸೈಡ್ ಪುಡಿಯನ್ನು ಲೋಹಕ್ಕೆ ಪಾಲಿಶ್ ಹಾಕಲು ಬಳಸುತ್ತಾರೆ. ಅದೇ ಪುಡಿ ಶಾಕ್ ರಾಡ್‌ಗೆ ಅಂಟಿದರೆ ರಾಡ್ ಮೇಲೆ ಕೆಳಗೆ ಹೋದಾಗೆಲ್ಲ ಓ-ರಿಂಗನ್ನು ಉಜ್ಜುತ್ತದೆ.

ಈಗ ಸ್ಪ್ರಿಂಗ್ ಸಮೇತ ಶಾಕ್ ಕಳಚಿ. ಒಂದೊಂದೇ ಆರ್ಮ್ ಎತ್ತಿ ಬಿಡಿ. ತನ್ನ ಭಾರಕ್ಕೆ ತಾನೇ ಸಲೀಸಾಗಿ ಕೆಳಗೆ ಬೀಳಬೇಕು. ಮಧ್ಯದಲ್ಲಿ ನಿಂತರೆ ಪಿನ್ ಬಾಗಿದೆ, ಇಲ್ಲವೇ ಒಳಗೆ ಮಣ್ಣು ಸೇರಿದೆ. ಇದನ್ನು ಸರಿ ಮಾಡದೆ ಎಂಥ ಶಾಕ್ ಹಾಕಿದರೂ ಪ್ರಯೋಜನವಿಲ್ಲ. ಬಿಗಿಯಾದ ಆರ್ಮನ್ನು ಗಟ್ಟಿ ಸ್ಪ್ರಿಂಗ್ ಅಂದುಕೊಂಡು ಸ್ಪ್ರಿಂಗ್ ಬದಲಾಯಿಸಿದವರನ್ನು ಎಷ್ಟೋ ಸಲ ನೋಡಿದ್ದೇನೆ.

2. ಟೈರ್: ಅರ್ಧ ಕೆಲಸ ಇಲ್ಲೇ

ನೆಲವನ್ನು ಮುಟ್ಟುವುದು ಟೈರ್ ಒಂದೇ. ಅದು ತಪ್ಪಿದ್ದರೆ ಉಳಿದದ್ದನ್ನು ಎಷ್ಟು ತಿದ್ದಿದರೂ ತಪ್ಪೇ.

ಮೊದಲು ನೆಲ ನೋಡಿ. ಗುಬುಟು ಅಂದರೆ ಟೈರ್ ಮೇಲಿನ ರಬ್ಬರ್ ಉಬ್ಬು. ಸಡಿಲ ಕೆಂಪು ಮಣ್ಣು ಇದ್ದರೆ ಉದ್ದ ಗುಬುಟಿನ, ಗುಬುಟುಗಳ ನಡುವೆ ಅಂತರ ಇರುವ ಟೈರ್ ಬೇಕು. ಓಡಿ ಓಡಿ ಗಟ್ಟಿಯಾದ ನೆಲಕ್ಕೆ ಚಿಕ್ಕ, ಒತ್ತಾದ ಗುಬುಟು ಸಾಕು. ಅಲ್ಲಿ ಉದ್ದ ಗುಬುಟು ಹಾಕಿದರೆ ಅವು ಬಾಗುತ್ತವೆ, ಟ್ರಕ್ ತೇಲಿದಂತೆ ಓಡುತ್ತದೆ. ತುಂಗಭದ್ರೆಯ ದಂಡೆಯ ಮರಳಿಗೆ ಸೌಟಿನಂತೆ ಅಡ್ಡ ಪಟ್ಟಿ ಇರುವ ಪ್ಯಾಡಲ್ ಟೈರೇ ಸರಿ.

ಸಿರುಗುಪ್ಪ, ಸಿಂಧನೂರು ಕಡೆಯವರಿಗೆ ಎರೆ ಮಣ್ಣಿನ ಕಷ್ಟ ಬೇರೆಯೇ ಇದೆ. ಒಣಗಿದಾಗ ಬಿರುಕು ಬಿಡುತ್ತದೆ, ಚಕ್ರ ಅದರಲ್ಲಿ ಸಿಕ್ಕಿ ಆರ್ಮ್ ಮುರಿಯುತ್ತದೆ. ಹಸಿಯಾಗಿದ್ದಾಗ ಹೆಜ್ಜೆ ಹೆಜ್ಜೆಗೂ ಟೈರ್‌ಗೆ ಮೆತ್ತಿಕೊಳ್ಳುತ್ತದೆ. ಗುಬುಟುಗಳ ನಡುವಿನ ಸಂದು ತುಂಬಿದ ಮೇಲೆ ಆ ಟೈರ್ ಬರೀ ಉರುಟು ಉಂಡೆ. ಮಳೆ ಬಂದ ಮೇಲೆ ಎರೆ ಹೊಲಕ್ಕೆ ಇಳಿಸಬೇಡಿ, ಮೋಟರ್ ಸುಟ್ಟುಕೊಳ್ಳುತ್ತೀರಿ. ಬೆಳೆ ನಿಂತ ಹೊಲಕ್ಕಂತೂ ಯಾವತ್ತೂ ಇಳಿಸಬೇಡಿ.

ಬಂಡೆಗೆ ಮೆದು ರಬ್ಬರ್, ಒಳಗೆ ಮೆದು ಸ್ಪಂಜು. ಕೊಪ್ಪಳ, ಗಂಗಾವತಿ ಕಡೆಯ ಗ್ರಾನೈಟ್ ಗುಂಡುಗಳ ಮೇಲೆ ಕ್ರಾಲರ್ ಹತ್ತಿಸುವವರಿಗೆ ಇದು ಗೊತ್ತಿರುತ್ತದೆ. ಟೈರ್ ಕಲ್ಲಿನ ಆಕಾರಕ್ಕೆ ಬಾಗಿ ಹಿಡಿಯಬೇಕು. ಅದೇ ಮೆದು ಟೈರನ್ನು ಡಾಂಬರಿನ ಮೇಲೆ ಓಡಿಸಿದರೆ ಪೆನ್ಸಿಲ್ ಅಳಿಸುವ ರಬ್ಬರ್‌ನಂತೆ ಸವೆಯುತ್ತದೆ. ಆನೆಗೊಂದಿ ಕಡೆ ಹೋದಾಗ ಒಂದು ಮಾತು ನೆನಪಿರಲಿ: ಹಳೆ ಮಂಟಪ, ಕೋಟೆ ಗೋಡೆಯ ಮೇಲೆ ಟೈರ್ ಇಡಬೇಡಿ. ಸುತ್ತ ಬಂಡೆಗೇನು ಬರವೇ?

ಇನ್ನು ಅಂಟಿಸುವುದು. ಟೈರ್ ರಿಮ್ಮಿನಿಂದ ಬಿಟ್ಟುಬರುವುದು ಅಂಟಿನ ತಪ್ಪಲ್ಲ, ಒರೆಸದೇ ಇದ್ದದ್ದರ ತಪ್ಪು. ಹೊಸ ಟೈರ್ ಒಳಗೆ ಅಚ್ಚಿನಿಂದ ಬಿಡಿಸಲು ಹಾಕಿದ ಜಿಡ್ಡು ಇರುತ್ತದೆ. ಟೈರ್ ಅಂಚನ್ನೂ ಅದು ಕೂರುವ ರಿಮ್ಮಿನ ತೋಡನ್ನೂ ಐಸೊಪ್ರೊಪೈಲ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಸ್ಪಂಜು ಎಲ್ಲೂ ಮಡಚದಂತೆ ಕೂರಿಸಿ. ಟೈರ್ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಅಂಚನ್ನು ತೋಡಿಗೆ ಒತ್ತಿ. ಹೆಬ್ಬೆರಳಿನಿಂದ ಅಂಚನ್ನು ಸ್ವಲ್ಪ ಎಳೆದು, ನಾಲ್ಕು ಕಡೆ ಒಂದೊಂದು ಹನಿ ಬಿಡಿ. ಅದು ಹಿಡಿದ ಮೇಲೆ ಮಧ್ಯದ ಜಾಗ ತುಂಬಿ. ಒಂದು ಬದಿ ಒಣಗಿದ ಮೇಲೆಯೇ ಇನ್ನೊಂದು ಬದಿ. ಕಿಟಕಿ ತೆರೆದಿರಲಿ, ಮುಖ ಹತ್ತಿರ ತರಬೇಡಿ. ಆ ಹೊಗೆ ಕಣ್ಣು ಉರಿಸುತ್ತದೆ.

ಗಾಳಿ ಹೋಗಲು ತೂತು ಬೇಕು. ರಿಮ್ಮಿನಲ್ಲಿ ಇಲ್ಲದಿದ್ದರೆ ಟೈರ್ ಮಧ್ಯದಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಮಾಡಿ. ಚಪ್ಪಲಿ ರಿಪೇರಿ ಅಂಗಡಿಯ ಪಂಚ್ ಇದಕ್ಕೆ ಹೇಳಿ ಮಾಡಿಸಿದ್ದು. ತೂತಿಲ್ಲದ ಟೈರ್ ಬಿದ್ದಾಗ ಒಳಗಿನ ಗಾಳಿ ಹೋಗಲು ಜಾಗವಿಲ್ಲದೆ ಚೆಂಡಿನಂತೆ ಪುಟಿಯುತ್ತದೆ. ಜನ ಶಾಕನ್ನು ಬೈಯುತ್ತಾರೆ.

3. ಶಾಕ್ ಬಿಚ್ಚಿ, ಹೊಸದಾಗಿ ಕಟ್ಟಿ

ಇದು ನಿಧಾನದ ಕೆಲಸ. ನಾಲ್ಕು ಶಾಕ್‌ಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಆಯಿಲ್ ದಪ್ಪ ಯಾವುದು ಅನ್ನುವ ಪ್ರಶ್ನೆ ಈಗ ಬೇಡ. ಮುಂದೆ 400, ಹಿಂದೆ 350 ಸಿಎಸ್‌ಟಿ (ಸೆಂಟಿಸ್ಟೋಕ್, ಎಣ್ಣೆಯ ದಪ್ಪದ ಅಳತೆ) ಹಾಕಿಡಿ, ತಿದ್ದುವುದು ಆಮೇಲೆ. ಡಬ್ಬಿ ಮೇಲೆ ಡಬ್ಲ್ಯೂಟಿ ಅಂತಲೂ ಸಿಎಸ್‌ಟಿ ಅಂತಲೂ ಅಂಕಿ ಇರುತ್ತದೆ. ಡಬ್ಲ್ಯೂಟಿ ಒಂದು ಕಂಪನಿಯದು ಇನ್ನೊಂದಕ್ಕೆ ಸರಿಯಾಗಿ ಹೊಂದುವುದಿಲ್ಲ. ಸಿಎಸ್‌ಟಿ ನೋಡಿ ತೆಗೆದುಕೊಳ್ಳಿ.

ಸ್ಪ್ರಿಂಗ್ ತೆಗೆದು, ಮೇಲಿನ ಕ್ಯಾಪ್ ಬಿಚ್ಚಿ, ಹಳೆ ಆಯಿಲ್ ಬಿಳಿ ಬಟ್ಟಲಿಗೆ ಸುರಿಯಿರಿ. ಬಣ್ಣ ನೋಡಿ. ತಿಳಿಯಾಗಿದ್ದರೆ ಸರಿ. ಬೂದು ಬಣ್ಣ ಬಂದಿದ್ದರೆ ಒಳಗೆ ಲೋಹ ಸವೆಯುತ್ತಿದೆ. ಕೆಂಪಗಿದ್ದರೆ ಧೂಳು ಒಳಗೆ ಹೋಗಿದೆ, ಓ-ರಿಂಗ್ ಮುಗಿದಿದೆ.

ರಾಡ್ ಹೊರತೆಗೆದು ಗಾಜಿನ ಮೇಲೆ ಉರುಳಿಸಿ. ಒಂದು ಕಡೆ ಬೆಳಕು ಕಂಡು ಮರೆಯಾದರೆ ರಾಡ್ ಬಾಗಿದೆ. ಉಗುರು ಓಡಿಸಿ ನೋಡಿ, ಗೀರು ತಾಗಿದರೂ ರಾಡ್ ಬದಲಾಯಿಸಬೇಕು. ಹೊಳೆಯುವ ಭಾಗವನ್ನು ಬರೀ ಇಕ್ಕಳದಿಂದ ಹಿಡಿಯಬೇಡಿ. ನಿಮ್ಮ ಇಕ್ಕಳದ ಹಲ್ಲೇ ಆ ಗೀರು ಮಾಡುವುದು.

ಹೊಸ ಓ-ರಿಂಗ್‌ಗೆ ಶಾಕ್ ಆಯಿಲ್ ಸವರಿ ಕೂರಿಸಿ. ರಾಡ್ ತೂರಿಸುವಾಗ ಅದರ ತುದಿಯ ಥ್ರೆಡ್ (ತಿರುಪಿನ ಗೆರೆ) ಮೇಲೂ ಒಂದು ಹನಿ ಹಾಕಿ, ತಿರುಗಿಸುತ್ತಾ ನಿಧಾನಕ್ಕೆ ತಳ್ಳಿ. ಒಣ ಥ್ರೆಡ್ ಓ-ರಿಂಗ್‌ನ ತುಟಿಯನ್ನು ಕತ್ತರಿಸುತ್ತದೆ. ಹೊಸ ಶಾಕ್ ಮೊದಲ ದಿನವೇ ಸೋರುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಶುರುವಿನಲ್ಲಿ ಸಿಲಿಕೋನ್ ಆಯಿಲ್ ಖಾಲಿಯಾಗಿತ್ತು. ಬೈಕ್ ಮುಂದಿನ ಫೋರ್ಕ್‌ಗೆ ಹಾಕುವ ಎಣ್ಣೆ ಸಿಕ್ಕಿತು, ಅದೂ ಶಾಕ್ ಎಣ್ಣೆಯೇ ಅಲ್ವಾ ಅಂತ ಹಾಕಿದೆ. ಎರಡು ದಿನಕ್ಕೆ ಓ-ರಿಂಗ್ ಊದಿಕೊಂಡು ರಾಡನ್ನು ಬಿಗಿಯಾಗಿ ಹಿಡಿಯಿತು. ಟ್ರಕ್ ಒತ್ತಿದರೆ ಕೆಳಗೆ ಹೋಗುತ್ತಿತ್ತು, ಮೇಲೆ ಬರುತ್ತಿರಲಿಲ್ಲ. ನಾಲ್ಕೂ ಶಾಕ್‌ನ ರಬ್ಬರ್ ಬದಲಾಯಿಸಬೇಕಾಯಿತು. ಪೆಟ್ರೋಲಿಯಂ ಎಣ್ಣೆ ಸಿಲಿಕೋನ್ ರಬ್ಬರನ್ನು ಊದಿಸುತ್ತದೆ. ದಯವಿಟ್ಟು ಶುದ್ಧ ಸಿಲಿಕೋನ್ ಆಯಿಲ್ ಬಿಟ್ಟು ಬೇರೇನೂ ಹಾಕಬೇಡಿ.

ತುಂಬಿಸುವುದು ಹೀಗೆ. ರಾಡನ್ನು ಪೂರ್ತಿ ಕೆಳಗೆ ಎಳೆದು, ಶಾಕ್ ನೆಟ್ಟಗೆ ಹಿಡಿದು, ಬಾಯಿ ಮಟ್ಟ ಆಯಿಲ್ ಹಾಕಿ. ಈಗ ಪಿಸ್ಟನ್ ಮೇಲೆ ಕೆಳಗೆ ತುಂಬಾ ನಿಧಾನವಾಗಿ ಆಡಿಸಿ. ಪಿಸ್ಟನ್ ತೂತಿನಿಂದ ಸಾಸಿವೆಯಷ್ಟು ಗುಳ್ಳೆಗಳು ಒಂದೊಂದಾಗಿ ಮೇಲೆ ಬರುತ್ತವೆ. ಪಿಸ್ಟನ್ ಆಯಿಲ್‌ನಿಂದ ಹೊರಗೆ ಬರಬಾರದು, ಬಂದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ. ರಾಡ್ ಕೆಳಗೇ ಇಟ್ಟು ಹತ್ತು ನಿಮಿಷ ನಿಲ್ಲಿಸಿ. ಹೋಗಿ ಚಹಾ ಕುಡಿದು ಬನ್ನಿ. ಅವಸರ ಮಾಡಿದವರ ಶಾಕ್‌ನಲ್ಲಿ ಗಾಳಿ ಉಳಿದೇ ಉಳಿಯುತ್ತದೆ.

ಆಮೇಲೆ ಮತ್ತೆ ಬಾಯಿ ಮಟ್ಟ ತುಂಬಿ. ಕ್ಯಾಪ್ ಒಳಗೆ ರಬ್ಬರ್ ಬ್ಲಾಡರ್ (ತೆಳು ರಬ್ಬರ್ ಬಟ್ಟಲು) ಇರುವ ಶಾಕ್ ಆದರೆ ಬ್ಲಾಡರ್ ಓರೆಯಾಗಿ ಇಡಿ, ಒಂದು ಅಂಚಿನಿಂದ ಹೆಚ್ಚಿನ ಆಯಿಲ್ ಹೊರಗೆ ಹೋಗಲಿ. ರಾಡನ್ನು ಅರ್ಧ ಮೇಲೆ ತಳ್ಳಿ ಹಿಡಿದುಕೊಂಡೇ ಕ್ಯಾಪ್ ಬಿಗಿ ಮಾಡಿ.

ಕಟ್ಟಿದ ಮೇಲೆ ಕಿವಿ ಹತ್ತಿರ ಇಟ್ಟು ಆಡಿಸಿ. ಪಿಚಪಿಚ ಸದ್ದು ಬಂದರೆ ಗಾಳಿ ಉಳಿದಿದೆ, ಮತ್ತೆ ಬಿಚ್ಚಿ. ರಾಡನ್ನು ಪೂರ್ತಿ ಒಳಗೆ ತಳ್ಳಿ ಬಿಡಿ, ಎಷ್ಟು ಹೊರಗೆ ಬರುತ್ತದೆ ನೋಡಿ. ಎಡ ಬಲ ಎರಡೂ ಒಂದೇ ಅಷ್ಟು, ಒಂದೇ ವೇಗದಲ್ಲಿ ಬರಬೇಕು. ಎಷ್ಟು ಬರುತ್ತದೆ ಅನ್ನುವುದಕ್ಕಿಂತ ಜೋಡಿ ಒಂದೇ ಸಮ ಇರುವುದು ಮುಖ್ಯ. ಉದ್ದವನ್ನೂ ವರ್ನಿಯರ್‌ನಲ್ಲಿ ಅಳೆಯಿರಿ, ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗೆ. ಒಂದು ಮಿ.ಮೀ. ಹೆಚ್ಚುಕಡಿಮೆ ಆದರೂ ಟ್ರಕ್ ಒಂದು ಕಡೆಗೆ ವಾಲಿ ತಿರುಗುತ್ತದೆ.

4. ಎತ್ತರ ಕೂರಿಸಿ

ಬ್ಯಾಟರಿ, ಬಾಡಿ, ಎಲ್ಲ ಹಾಕಿ. ಓಡುವಾಗ ಇರುವ ತೂಕವೇ ಇರಬೇಕು. ಬ್ಯಾಟರಿ ಇಲ್ಲದೆ ಎತ್ತರ ನೋಡುವುದು ಎಲ್ಲರೂ ಮಾಡುವ ತಪ್ಪು.

ಸಮ ನೆಲದ ಮೇಲೆ ಟ್ರಕ್ಕನ್ನು ಒಂದು ಗೇಣು ಎತ್ತರದಿಂದ ಬಿಡಿ. ತಾನಾಗಿ ನಿಂತ ಮೇಲೆ ಪಕ್ಕದಿಂದ ಬಗ್ಗಿ ನೋಡಿ. ಆರ್ಮ್ ಹೆಚ್ಚುಕಡಿಮೆ ನೆಲಕ್ಕೆ ಸಮಾನವಾಗಿರಬೇಕು. ಮುಂದೆ ಹಿಂದೆ ಎರಡೂ. ಇಲ್ಲದಿದ್ದರೆ ಶಾಕ್ ಮೇಲಿನ ಕಾಲರ್ (ಸ್ಪ್ರಿಂಗನ್ನು ಮೇಲಿನಿಂದ ಒತ್ತುವ ಬಳೆ) ತಿರುಗಿಸಿ. ಎಡ ಶಾಕ್‌ಗೆ ಎಷ್ಟು ಸುತ್ತೋ ಬಲ ಶಾಕ್‌ಗೂ ಅಷ್ಟೇ. ಕಲ್ಲು ಜಾಸ್ತಿ ಇರುವ ಬಯಲಾದರೆ ಆರ್ಮ್ ಹೊರತುದಿ ಸ್ವಲ್ಪ ಕೆಳಗಿರಲಿ, ಹೊಟ್ಟೆ ಕಲ್ಲಿಗೆ ತಾಗುವುದಿಲ್ಲ.

ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಡಸಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗುವುದಿಲ್ಲ. ಟ್ರಕ್ ಎತ್ತರ ಆಗುತ್ತದೆ, ಅಷ್ಟೇ. ಕಾಲರ್ ಕೊನೆಯವರೆಗೆ ಇಳಿಸಿದರೂ ಎತ್ತರ ಸಾಲದಿದ್ದರೆ ಆಗ ಗಡಸು ಸ್ಪ್ರಿಂಗ್ ಬೇಕು ಅಂತ ಅರ್ಥ.

ಕೊನೆಗೆ ಸ್ಕ್ರೂಡ್ರೈವರ್ ತುದಿಯನ್ನು ಮುಂದಿನ ಬಂಪರ್ ಕೆಳಗೆ ಸರಿಯಾಗಿ ಮಧ್ಯಕ್ಕೆ ಇಟ್ಟು ಮೆಲ್ಲಗೆ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಒಂದು ಮೊದಲು ಎದ್ದರೆ ಎಡ ಬಲ ಸಮ ಇಲ್ಲ, ಇಲ್ಲವೇ ಚಾಸಿ ತಿರುಚಿದೆ. ಹಿಂದೆಯೂ ಹೀಗೇ ನೋಡಿ.

5. ಸ್ಪ್ರಿಂಗ್ ಆರಿಸಿ

ಗುಂಡಿ, ಉಬ್ಬು ಜಾಸ್ತಿ ಇದ್ದರೆ ಮೆದು ಸ್ಪ್ರಿಂಗ್. ನೆಲ ನಯವಾಗಿದ್ದು ಹಿಡಿತ ಜಾಸ್ತಿ ಇದ್ದರೆ ಗಡಸು. ಹಿಂದೆ ಮೆದು ಮಾಡಿದರೆ ಹಿಂದಿನ ಹಿಡಿತ ಹೆಚ್ಚುತ್ತದೆ. ಮುಂದೆ ಮೆದು ಮಾಡಿದರೆ ಮುಂಭಾಗ ಚೆನ್ನಾಗಿ ತಿರುಗುತ್ತದೆ. ಇಷ್ಟು ನೆನಪಿದ್ದರೆ ಸಾಕು.

ಸ್ಪ್ರಿಂಗ್ ಮೇಲಿನ ಬಣ್ಣದ ಚುಕ್ಕೆ ಅಳಿಸಿ ಹೋದರೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ತೂಕದ ಯಂತ್ರ ಇದಕ್ಕೇ. ಸ್ಪ್ರಿಂಗನ್ನು ನೆಟ್ಟಗೆ ಯಂತ್ರದ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಸ್ಕೇಲ್ ಹಿಡಿದು, ಸಮ ಹಲಗೆಯಿಂದ ಸರಿಯಾಗಿ 10 ಮಿ.ಮೀ. ಒತ್ತಿ. ಎಷ್ಟು ಗ್ರಾಂ ತೋರಿಸಿತು ಬರೆದುಕೊಳ್ಳಿ. ಒಂದು ಜೋಡಿಯ ಎರಡು ಸ್ಪ್ರಿಂಗ್ ನಡುವೆ ಅಂತರ ಜಾಸ್ತಿ ಇದ್ದರೆ ಆ ಜೋಡಿ ಬೇಡ.

ಕಣ್ಣಂದಾಜು ನಂಬಬೇಡಿ. ಬೇರೆಲ್ಲ ಒಂದೇ ಇದ್ದು ತಂತಿ 1.2 ಮಿ.ಮೀ. ಬದಲು 1.3 ಆದರೆ ಸ್ಪ್ರಿಂಗ್ ಸುಮಾರು ಶೇಕಡಾ 38ರಷ್ಟು ಗಡಸಾಗುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ ಅದು. ಸುತ್ತು ಕಡಿಮೆ ಇದ್ದರೂ ಗಡಸೇ.

ಸ್ಪ್ರಿಂಗ್ ಬದಲಾಯಿಸಿದಿರಾ? ಹಾಗಾದರೆ 4ನೇ ಹಂತಕ್ಕೆ ವಾಪಸ್ ಹೋಗಿ ಎತ್ತರ ಮತ್ತೆ ನೋಡಿ.

6. ಈಗ ಆಯಿಲ್, ಬಿಸಿಲು ನೋಡಿಕೊಂಡು

ಸ್ಪ್ರಿಂಗ್ ಟ್ರಕ್ಕನ್ನು ಮೇಲೆತ್ತುತ್ತದೆ, ಆಯಿಲ್ ಆ ವೇಗವನ್ನು ತಡೆಯುತ್ತದೆ. ಗಡಸು ಸ್ಪ್ರಿಂಗ್‌ಗೆ ದಪ್ಪ ಆಯಿಲ್, ಮೆದುವಿಗೆ ತೆಳು.

ಪರೀಕ್ಷೆ ಸುಲಭ. ಟ್ರಕ್ಕನ್ನು ಒಂದಡಿ ಎತ್ತರದಿಂದ ಸಮವಾಗಿ ಬಿಡಿ. ಹೊಟ್ಟೆ ನೆಲಕ್ಕೆ ಹಗುರವಾಗಿ ತಾಗಿ, ಒಂದೇ ಸಲ ಎದ್ದು ನಿಲ್ಲಬೇಕು. ಎದ್ದು ಮತ್ತೆ ಕುಣಿದರೆ ಆಯಿಲ್ ತೆಳು. ಸೋಮಾರಿಯಂತೆ ನಿಧಾನಕ್ಕೆ ಎದ್ದರೆ ದಪ್ಪ. ಹೊಟ್ಟೆ ಧಡ್ ಅಂತ ಬಡಿದರೆ ಆಯಿಲ್ ತೆಳು ಅಥವಾ ಸ್ಪ್ರಿಂಗ್ ಮೆದು. ಮುಂದು ಹಿಂದು ಒಟ್ಟಿಗೆ ಏಳಬೇಕು. ತಿದ್ದುವಾಗ ಒಂದು ಸಲಕ್ಕೆ 50 ಸಿಎಸ್‌ಟಿ ಮಾತ್ರ.

ಬೇರೆ ಊರಿನವರ ಅಂಕಿ ನಮಗೆ ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ಉತ್ತರ ಬಿಸಿಲಲ್ಲಿದೆ. ಸಿಎಸ್‌ಟಿ ಅಂಕಿಯನ್ನು ಸಾಮಾನ್ಯವಾಗಿ 25 ಡಿಗ್ರಿಯಲ್ಲಿ ಅಳೆಯುತ್ತಾರೆ. 40 ಡಿಗ್ರಿಗೆ ಬಂದರೆ ಸಿಲಿಕೋನ್ ಆಯಿಲ್ ಹೆಚ್ಚುಕಡಿಮೆ ಕಾಲುಭಾಗ ತೆಳುವಾಗುತ್ತದೆ. ನೀವು ಹಾಕಿದ 400 ಏಪ್ರಿಲ್ ಮಧ್ಯಾಹ್ನ 300ರಂತೆ ಕೆಲಸ ಮಾಡುತ್ತದೆ. ಅದೇ 400 ಜನವರಿ ಬೆಳಗಿನ 16 ಡಿಗ್ರಿ ಚಳಿಯಲ್ಲಿ 480ರ ಹತ್ತಿರ ಇರುತ್ತದೆ. ಬೆಳಿಗ್ಗೆ ಏಳಕ್ಕೆ ಚೆನ್ನಾಗಿದ್ದ ಟ್ರಕ್ ಹನ್ನೊಂದಕ್ಕೆ ಪುಟಿಯತೊಡಗಿದರೆ ಏನೂ ಕೆಟ್ಟಿಲ್ಲ, ಆಯಿಲ್ ಕಾದಿದೆ. ಬಳ್ಳಾರಿ, ರಾಯಚೂರಿನ ಬೇಸಿಗೆಗೆ ನಾನು 100 ಸಿಎಸ್‌ಟಿ ದಪ್ಪ ಹಾಕುತ್ತೇನೆ: ಮುಂದೆ 500, ಹಿಂದೆ 450. ದೀಪಾವಳಿ ಹೊತ್ತಿಗೆ ಮತ್ತೆ ಇಳಿಸುತ್ತೇನೆ. ಎರಡು ಓಟದ ನಡುವೆ ಟ್ರಕ್ ನೆರಳಲ್ಲಿರಲಿ.

7. ಶಾಕ್ ಕೋನ ಕೊನೆಗೆ

ಶಾಕ್ ಟವರ್‌ನಲ್ಲಿ (ಶಾಕ್‌ನ ಮೇಲ್ತುದಿ ಕೂರುವ ಪಟ್ಟಿ), ಆರ್ಮ್‌ನಲ್ಲಿ ಮೂರು ನಾಲ್ಕು ತೂತು ಇರುತ್ತವೆ. ಶಾಕ್ ನೆಟ್ಟಗಾದಷ್ಟೂ ಗಡಸು, ಮಲಗಿದಷ್ಟೂ ಮೆದು. ಆರ್ಮ್‌ನಲ್ಲಿ ಹೊರಗಿನ ತೂತಿಗೆ ಹೋದರೆ ಗಡಸು. ಮಧ್ಯದ ತೂತಿನಲ್ಲಿ ಶುರು ಮಾಡಿ. ಮೇಲಿನ ಆರು ಹಂತ ಸರಿಯಾಗಿದ್ದರೆ ಇದನ್ನು ಮುಟ್ಟುವ ಅಗತ್ಯ ಹೆಚ್ಚಾಗಿ ಬರುವುದೇ ಇಲ್ಲ.

8. ಬಯಲಲ್ಲಿ ಓಡಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ

ಒಂದೇ ದಾರಿಯಲ್ಲಿ ಐದು ಸುತ್ತು ಓಡಿಸಿ, ಬರೆದುಕೊಳ್ಳಿ, ಒಂದನ್ನು ಬದಲಾಯಿಸಿ, ಮತ್ತೆ ಐದು ಸುತ್ತು. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ನೋಟ್‌ಬುಕ್‌ನಲ್ಲಿ ಹೊತ್ತನ್ನೂ ಬರೆಯಿರಿ.

ತಿರುವಿನಲ್ಲಿ ಮಗುಚಿದರೆ ಮೊದಲು ಎತ್ತರ ತಗ್ಗಿಸಿ, ಆಮೇಲೆ ನಾಲ್ಕೂ ಕಡೆ ಗಡಸು ಸ್ಪ್ರಿಂಗ್. ಆದರೂ ಮಗುಚಿದರೆ ಟೈರ್ ಹಿಡಿತವೇ ಜಾಸ್ತಿ, ಮುಂದಿನ ಟೈರ್‌ಗಳ ಹೊರ ಅಂಚಿನ ಗುಬುಟು ಕತ್ತರಿಸಿ. ಹಿಂಭಾಗ ಜಾರಿದರೆ ಟೈರ್ ಸವೆದಿದೆಯಾ ನೋಡಿ, ಆಮೇಲೆ ಹಿಂದೆ ಮೆದು ಸ್ಪ್ರಿಂಗ್. ಸಣ್ಣ ಸಣ್ಣ ಉಬ್ಬಿನಲ್ಲಿ ಟಪಟಪ ಹಾರಿದರೆ ಆಯಿಲ್ ದಪ್ಪವಾಗಿದೆ. ದಿಬ್ಬದಿಂದ ಜಿಗಿಯುವಾಗ ಹಿಂಭಾಗ ಒದ್ದಂತೆ ಎದ್ದು ಮೂಗು ಕೆಳಗಾದರೆ ಹಿಂದಿನ ಶಾಕ್‌ಗೆ ಸ್ವಲ್ಪ ದಪ್ಪ ಆಯಿಲ್. ಅದಕ್ಕೂ ಮುಂಚೆ, ಜಿಗಿಯುವ ತುದಿಯಲ್ಲಿ ನೀವು ಥ್ರಾಟಲ್ ಬಿಡುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಬಿಟ್ಟರೂ ಮೂಗು ಕೆಳಗಾಗುತ್ತದೆ.

ಕೂಡಲೇ ನಿಲ್ಲಿಸಬೇಕಾದ ಸೂಚನೆಗಳು

ಶಾಕ್ ಕೆಳಭಾಗದಲ್ಲಿ ಧೂಳು ಒದ್ದೆಯಾಗಿ ಕುಂಕುಮ ಕಲಸಿದಂತೆ ಕಂಡರೆ ಆಯಿಲ್ ಸೋರುತ್ತಿದೆ. ಒಂದು ಮೂಲೆ ಮಾತ್ರ ತಗ್ಗಿ ನಿಂತರೂ ಅದೇ. ಹಾಗೇ ಓಡಿಸಿದರೆ ಪಿಸ್ಟನ್ ಒಣಗಿ ಶಾಕ್ ಗೋಡೆಯನ್ನು ಕೆರೆಯುತ್ತದೆ, ಆಮೇಲೆ ಓ-ರಿಂಗ್‌ನಲ್ಲಿ ಮುಗಿಯುವುದಿಲ್ಲ, ಶಾಕೇ ಬೇಕು.

ಜೋರು ಓಟದಲ್ಲಿ ಟ್ರಕ್ ನಡುಗಿದರೆ ಟೈರ್ ಒಳಗಿನ ಸ್ಪಂಜು ನೀರು ಕುಡಿದಿದೆ ಅಥವಾ ಹರಿದಿದೆ. ಕಾಲುವೆ ನೀರಲ್ಲಿ ಓಡಿಸಿದ ಮರುದಿನ ಇದು ಸಾಮಾನ್ಯ. ಟೈರ್ ಹಿಂಡಿ, ತೂತು ಕೆಳಗೆ ಮಾಡಿ ನೆರಳಲ್ಲಿ ಒಣಗಿಸಿ.

ದೊಡ್ಡ ಟೈರ್ ಹಾಕಿದ ಮೇಲೆ ಐದು ನಿಮಿಷ ಓಡಿಸಿ ಮೋಟರ್ ಮುಟ್ಟಿ ನೋಡಿ. ಮೂರು ಸೆಕೆಂಡು ಬೆರಳು ಇಡಲು ಆಗದಷ್ಟು ಬಿಸಿ ಇದ್ದರೆ ಅಲ್ಲಿಗೇ ನಿಲ್ಲಿಸಿ. ದೊಡ್ಡ ಟೈರ್ ಅಂದರೆ ಗೇರ್ ಎತ್ತರಿಸಿದಂತೆಯೇ, ಮೋಟರ್ ಮೇಲೆ ಭಾರ ಹೆಚ್ಚುತ್ತದೆ. ಪಿನಿಯನ್ (ಮೋಟರ್ ತುದಿಯ ಚಿಕ್ಕ ಗೇರ್) ಒಂದು ಎರಡು ಹಲ್ಲು ಚಿಕ್ಕದು ಹಾಕಿ. ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಊದಿದ್ದರೆ ಮತ್ತೆ ಚಾರ್ಜ್‌ಗೆ ಹಾಕಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಟ್ರಕ್ಕನ್ನು ಬ್ಯಾಟರಿ ಸಮೇತ ಬಿಟ್ಟು ಊಟಕ್ಕೆ ಹೋಗಬೇಡಿ.